ಮುಚ್ಚುವ ಮೊದಲು ತೋರಿಸಿ: ಮನೆಯಲ್ಲೇ ವಿಮಾನ ಕಟ್ಟುವವರು ತಪಾಸಣೆಗೆ ಯಾವಾಗ ಕರೆಯಬೇಕು?

ಅಮೆರಿಕದಲ್ಲಿದ್ದುಕೊಂಡು ಗ್ಯಾರೇಜಿನಲ್ಲಿ ವಿಮಾನ ಕಟ್ಟಲು ಹೊರಟ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ: ತಪಾಸಣೆಗೆ ಯಾರನ್ನು ಕರೆಯಬೇಕು, ಎಷ್ಟು ಸಲ ಕರೆಯಬೇಕು, ಯಾವಾಗ ಕರೆಯಬೇಕು? ಯಾವ ತೂತಿಗೆ ಯಾವ ರಿವೆಟ್ (ತಗಡು ಜೋಡಿಸುವ ಲೋಹದ ಮೊಳೆ) ಎಂಬುದನ್ನು ಬಿಡಿಭಾಗಗಳ ಕಿಟ್‌ನ ಕೈಪಿಡಿ ಹೇಳುತ್ತದೆ. ಕೆಲಸ ಎಲ್ಲಿಗೆ ಬಂದಾಗ ನಿಲ್ಲಿಸಿ ಇನ್ನೊಬ್ಬರಿಗೆ ತೋರಿಸಬೇಕು ಎಂಬುದನ್ನು ಮಾತ್ರ ನೀವೇ ಗೊತ್ತುಮಾಡಿಕೊಳ್ಳಬೇಕು. ಅದನ್ನು ಹೇಗೆ ಗೊತ್ತುಮಾಡುವುದು ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಆರಿಸಿಕೊಂಡಿರುವುದು ಒರೆಗನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ ವಿಮಾನಗಳನ್ನು. ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಜೋಡಿಸುವ ಈ ಕಿಟ್‌ಗಳಿಂದ ಕಟ್ಟಿದ 10,000ಕ್ಕೂ ಹೆಚ್ಚು ವಿಮಾನಗಳು ಈವರೆಗೆ ಹಾರಿವೆ. ನಿಮ್ಮಲ್ಲೂ ಹೆಚ್ಚಿನವರು ಕೊಳ್ಳುವುದು ಇದನ್ನೇ.

ಕಾನೂನು ಏನು ಕೇಳುತ್ತದೆ

ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಇಂಥ ವಿಮಾನಗಳನ್ನು 'ಎಕ್ಸ್‌ಪೆರಿಮೆಂಟಲ್, ಅಮೆಚೂರ್-ಬಿಲ್ಟ್' ಎಂಬ ವರ್ಗಕ್ಕೆ ಸೇರಿಸುತ್ತದೆ. ವಿಮಾನದ ಹೆಚ್ಚಿನ ಪಾಲನ್ನು ಹವ್ಯಾಸಿಗಳು ಕಲಿಕೆಗಾಗಿ ಅಥವಾ ಖುಷಿಗಾಗಿ ತಾವೇ ಕಟ್ಟಿರಬೇಕು ಎಂಬುದು ಇಲ್ಲಿನ ಮೂಲ ಷರತ್ತು. ಜನ ಇದನ್ನು 51 ಶೇಕಡಾ ನಿಯಮ ಎನ್ನುತ್ತಾರೆ. ಕಟ್ಟುವ ಕೆಲಸವೆಲ್ಲ ಮುಗಿದ ಮೇಲೆ ಎಫ್‌ಎಎ ಅಧಿಕಾರಿಯೋ ಅದರ ಪರವಾಗಿ ಡಿಎಆರ್ ಎಂಬ ನೇಮಿತ ಪ್ರತಿನಿಧಿಯೋ ಬಂದು, ಕಾಗದಪತ್ರ ಮತ್ತು ವಿಮಾನ ಎರಡನ್ನೂ ನೋಡಿ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಕೊಡುತ್ತಾರೆ.

ಕಡ್ಡಾಯವಾದದ್ದು ಇಷ್ಟೇ. ಕೆಲಸ ನಡೆಯುವಾಗ ಯಾರೂ ಬಂದು ನೋಡಲೇಬೇಕೆಂಬ ನಿಯಮ ಅಮೆರಿಕದಲ್ಲಿಲ್ಲ. ಕೆನಡಾದಲ್ಲಿ ಹಾಗಲ್ಲ: ರೆಕ್ಕೆ, ಬಾಲಗಳನ್ನು ಮುಚ್ಚುವ ಮೊದಲು ಎಂಡಿ-ಆರ್‌ಎ ಸಂಸ್ಥೆಯ ತಪಾಸಕರಿಗೆ ತೋರಿಸಲೇಬೇಕು. ಬ್ರಿಟನ್ನಿನಲ್ಲಿ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ನಿನ ತಪಾಸಕರು ಹಂತ ಹಂತವಾಗಿ ನೋಡಿ ಸಹಿ ಹಾಕುತ್ತಾರೆ. ಟೊರಾಂಟೊದಲ್ಲೋ ಲಂಡನ್ನಿನಲ್ಲೋ ಇರುವವರು ಮುಂದೆ ಬರೆದಿರುವುದನ್ನು ತಯಾರಿಯ ಮಟ್ಟಿಗೆ ಬಳಸಿಕೊಳ್ಳಿ, ನಿಯಮಕ್ಕೆ ನಿಮ್ಮ ದೇಶದ ಸಂಸ್ಥೆಯನ್ನೇ ಕೇಳಿ.

ಕಡ್ಡಾಯವಲ್ಲ ಎಂದ ಮಾತ್ರಕ್ಕೆ ಬೇಡ ಎಂದಲ್ಲ. ನಮ್ಮೂರಲ್ಲಿ ಮನೆಗೆ ಆರ್‌ಸಿಸಿ ಹಾಕುವ ಮೊದಲು ಇಂಜಿನಿಯರ್ ಬಂದು ಕಬ್ಬಿಣ ಕಟ್ಟಿದ್ದನ್ನು ನೋಡುತ್ತಾರಲ್ಲ, ಇದೂ ಹಾಗೆಯೇ. ಕೊನೆಗೆ ಬರುವ ಡಿಎಆರ್‌ಗೆ ರೆಕ್ಕೆಯ ಹೊಟ್ಟೆಯೊಳಗಿನ ಬಹುಪಾಲು ಕಾಣುವುದೇ ಇಲ್ಲ. ಅದಕ್ಕಾಗಿಯೇ ಎಫ್‌ಎಎ ತನ್ನ ಎಸಿ 20-27 ಸುತ್ತೋಲೆಯಲ್ಲಿ, ಮುಚ್ಚುವ ಮೊದಲು ಬಲ್ಲವರಿಗೆ ತೋರಿಸಿ, ಅದನ್ನು ದಾಖಲೆಯಲ್ಲಿ ಬರೆದಿಡಿ ಎಂದು ಸಲಹೆ ಮಾಡಿದೆ. ವೇಳಾಪಟ್ಟಿಗೆ ಆಧಾರ ನಿಮ್ಮ ಕ್ಯಾಲೆಂಡರ್ ಅಲ್ಲ, ಇನ್ನೇನು ಕಣ್ಣಿಗೆ ಕಾಣದಂತೆ ಮುಚ್ಚಿಹೋಗಲಿರುವ ಭಾಗ.

1. ನೋಡುವವರನ್ನು ಮೊದಲೇ ಹುಡುಕಿಕೊಳ್ಳಿ

ಕಿಟ್ ಬರುವ ಮೊದಲೇ ಇಎಎ ಸದಸ್ಯರಾಗಿ. ಇಎಎ ಎಂದರೆ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್. ಪಾಲ್ ಪೊಬೆರೆಜ್ನಿ 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಆರಂಭಿಸಿದ ಈ ಸಂಘದ ಕೇಂದ್ರ ಈಗ ಆಶ್ಕಾಶ್‌ನಲ್ಲಿದೆ, ಊರೂರುಗಳಲ್ಲಿ ಇದಕ್ಕೆ ಚಾಪ್ಟರ್ ಎಂಬ ಶಾಖೆಗಳಿವೆ. ಸಂಘದ ಟೆಕ್ನಿಕಲ್ ಕೌನ್ಸೆಲರ್‌ಗಳು ಸ್ವಯಂಸೇವಕರು. ಸ್ವತಃ ವಿಮಾನ ಕಟ್ಟಿದವರು, ಎ ಆಂಡ್ ಪಿ, ಅಂದರೆ ವಿಮಾನದ ಒಡಲು ಮತ್ತು ಎಂಜಿನ್ ಕೆಲಸದ ಪರವಾನಗಿಯಿರುವ ಮೆಕ್ಯಾನಿಕ್‌ಗಳು, ಏರೋನಾಟಿಕಲ್ ಇಂಜಿನಿಯರುಗಳು ಈ ಕೆಲಸಕ್ಕೆ ಮುಂದೆ ಬರುತ್ತಾರೆ. ನಿಮ್ಮ ಗ್ಯಾರೇಜಿಗೇ ಬಂದು ನೋಡುತ್ತಾರೆ, ಶುಲ್ಕ ತೆಗೆದುಕೊಳ್ಳುವುದಿಲ್ಲ.

ಒಂದು ವಿಷಯವನ್ನು ತಪ್ಪಾಗಿ ತಿಳಿಯಬೇಡಿ. ಕೌನ್ಸೆಲರ್ ನಿಮ್ಮ ಕೆಲಸಕ್ಕೆ ಅನುಮೋದನೆ ಕೊಡುವವರಲ್ಲ. ಅವರು ಹೇಳುವುದು ಸಲಹೆ, ವಿಮಾನದ ಹೊಣೆ ಕೊನೆಯವರೆಗೂ ನಿಮ್ಮದೇ. "ಕೌನ್ಸೆಲರ್ ಪಾಸ್ ಮಾಡಿದ್ದಾರೆ" ಎಂದು ಡಿಎಆರ್ ಮುಂದೆ ಹೇಳಿದರೆ ಅದಕ್ಕೆ ಕಾನೂನಿನ ಬೆಲೆಯಿಲ್ಲ.

ಸಾಧ್ಯವಾದರೆ ಇಬ್ಬರನ್ನು ಗೊತ್ತುಮಾಡಿಕೊಳ್ಳಿ: ತಗಡಿನ ಕೆಲಸ ಬಲ್ಲವರೊಬ್ಬರು, ಎಂಜಿನ್ ಬಲ್ಲವರೊಬ್ಬರು. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ನೀವು ಬಳಸುವ ವಸ್ತುವಿನಲ್ಲೇ ಕೆಲಸ ಮಾಡಿದವರು ಸಿಕ್ಕರೆ ಇನ್ನೂ ಒಳ್ಳೆಯದು. ಜೀವಮಾನವಿಡೀ ಅಲ್ಯೂಮಿನಿಯಂ ನೋಡಿದವರಿಗೆ ಫೈಬರ್‌ಗ್ಲಾಸ್‌ನ ದೋಷ ಗೊತ್ತಾಗದೇ ಹೋಗಬಹುದು.

2. ಮುಚ್ಚುವ ಜಾಗಗಳ ಪಟ್ಟಿ ಮಾಡಿ

ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ, ಒಂದು ಭಾಗ ಶಾಶ್ವತವಾಗಿ ಮುಚ್ಚಿಹೋಗುವ ಪ್ರತಿಯೊಂದು ಪುಟಕ್ಕೂ ಕೆಂಪು ಗುರುತು ಹಾಕಿ. ಆಮೇಲೆ ಎರಡನೇ ಬಣ್ಣದಲ್ಲಿ, ಒಮ್ಮೆ ಮಾಡಿದರೆ ತಿದ್ದಲಾಗದ ಕೆಲಸಗಳನ್ನು ಗುರುತಿಸಿ. ಮುಖ್ಯವಾದ ತೂತು ಕೊರೆಯುವುದು, ಕ್ಯಾನೊಪಿ ಎಂಬ ಪಾರದರ್ಶಕ ಮೇಲ್ಮುಚ್ಚಳ ಕತ್ತರಿಸುವುದು ಇಂಥವು.

ಈ ಗುರುತುಗಳಲ್ಲಿ ಎಲ್ಲಕ್ಕೂ ಜನರನ್ನು ಕರೆಯಲಾಗುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಒಟ್ಟು ನಿರ್ಮಾಣದಲ್ಲಿ ಕನಿಷ್ಠ ಮೂರು ಭೇಟಿ ಇರಲಿ ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ನನ್ನ ಮಟ್ಟಿಗೆ ಮೂರು ಸಾಲದು. ಮೊದಲ ಬಾಲದ ತುಂಡು, ಇಂಧನ ಟ್ಯಾಂಕ್, ರೆಕ್ಕೆ, ರೆಕ್ಕೆ ಜೋಡಣೆ, ಎಂಜಿನ್ ಭಾಗ, ಕೊನೆಯ ನೋಟ – ಈ ಆರನ್ನು ಬಿಡಬೇಡಿ. ಕೆಲವನ್ನು ಒಂದೇ ಭೇಟಿಯಲ್ಲಿ ಸೇರಿಸಬಹುದು. ಉದಾಹರಣೆಗೆ ಎಡ ರೆಕ್ಕೆ ಮುಚ್ಚಲು ತಯಾರಾಗುವ ಹೊತ್ತಿಗೆ ಬಲಗಡೆಯ ಟ್ಯಾಂಕ್ ತೆರೆದಿರುವಂತೆ ಕೆಲಸ ಹೊಂದಿಸಿಕೊಂಡರೆ ಎರಡನ್ನೂ ಒಟ್ಟಿಗೆ ತೋರಿಸಬಹುದು.

3. ಮೊದಲ ಭೇಟಿ: ಬಾಲದ ಮೊದಲ ತುಂಡಿನಲ್ಲೇ

ಆರ್‌ವಿ ಕಟ್ಟುವುದು ಬಾಲದಿಂದ ಶುರುವಾಗುತ್ತದೆ. "ಇನ್ನೂ ಸ್ವಲ್ಪ ಕೆಲಸವಾಗಲಿ, ಆಮೇಲೆ ಕರೆದರಾಯಿತು" ಎಂದು ಇಲ್ಲಿಯೇ ಹೆಚ್ಚಿನವರು ಮುಂದೂಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಕೈಗೆ ಒಂದು ತಪ್ಪು ಅಭ್ಯಾಸ ಹತ್ತಿದ್ದರೆ ಅದು ಸಾವಿರಾರು ರಿವೆಟ್‌ಗಳಲ್ಲಿ ಮರುಕಳಿಸುತ್ತದೆ. ಮೊದಲ ತುಂಡಿನಲ್ಲೇ ಗೊತ್ತಾದರೆ ಕೆಡುವುದು ಒಂದು ತಗಡು ಮಾತ್ರ.

ಹಿಂಬದಿಯ ಸ್ಪಾರ್ ಕೂರಿಸುವ ಮೊದಲು ಕರೆಯಿರಿ. ಸ್ಪಾರ್ ಎಂದರೆ ರೆಕ್ಕೆ ಅಥವಾ ಬಾಲದ ಉದ್ದಕ್ಕೂ ಸಾಗುವ ಮುಖ್ಯ ತೊಲೆ, ಅದಕ್ಕೆ ಅಡ್ಡಲಾಗಿ ಕೂರುವ ಪಕ್ಕೆಲುಬುಗಳು ರಿಬ್. ಬಂದವರು ಏನೇನು ನೋಡುತ್ತಾರೋ ಅದನ್ನು ನೀವು ಮೊದಲೇ ನೋಡಿಟ್ಟಿರಿ:

ರಿವೆಟ್ ಹೊಡೆದ ಮೇಲೆ ಒಳಬದಿಯಲ್ಲಿ ಚಪ್ಪಟೆಯಾಗಿ ಮೂಡುವ ತಲೆ, ರಿವೆಟ್ ದಪ್ಪದ ಒಂದೂವರೆ ಪಟ್ಟು ಅಗಲವಾಗಿ, ಅರ್ಧದಷ್ಟು ಎತ್ತರವಾಗಿ ಇರಬೇಕು. 1/8 ಇಂಚಿನ ರಿವೆಟ್ ಆದರೆ ತಲೆಯ ಅಗಲ 3/16 ಇಂಚು, ಎತ್ತರ 1/16 ಇಂಚು. ಅಳೆಯುವ ಪುಟ್ಟ ಗೇಜ್ ಸಿಗುತ್ತದೆ, ಕೊಂಡುಕೊಳ್ಳಿ.

ತೂತಿನ ನಡುಬಿಂದುವಿನಿಂದ ತಗಡಿನ ಅಂಚಿಗೆ ರಿವೆಟ್ ದಪ್ಪದ ಎರಡು ಪಟ್ಟು ದೂರವಾದರೂ ಇರಬೇಕು. ಕೊರೆದ ತೂತುಗಳ ಅಂಚಿನಲ್ಲಿ ಲೋಹದ ಚೂರು ಉಳಿದಿರಬಾರದು, ಬಿರುಕು ಹುಟ್ಟುವುದು ಅಲ್ಲಿಂದಲೇ.

ಕೆಟ್ಟ ರಿವೆಟ್ ಕಂಡಾಕ್ಷಣ ಕೊರೆದು ತೆಗೆಯಲು ಹೊರಡಬೇಡಿ. ಹೊಸಬರು ಹೀಗೆ ತೆಗೆಯುವಾಗ ತೂತನ್ನು ದೊಡ್ಡದು ಮಾಡಿಕೊಂಡು ಹಾನಿ ಹೆಚ್ಚಿಸಿಕೊಳ್ಳುತ್ತಾರೆ. ಟೇಪ್ ಅಂಟಿಸಿ ಗುರುತಿಟ್ಟು, ಬಂದವರಿಗೆ ತೋರಿಸಿ ಕೇಳಿ. ಎಷ್ಟೋ ಸಲ "ಇದನ್ನು ಹಾಗೇ ಬಿಡಿ" ಎನ್ನುವುದೇ ಸರಿಯಾದ ಉತ್ತರವಾಗಿರುತ್ತದೆ.

4. ಟ್ಯಾಂಕ್ ಮತ್ತು ರೆಕ್ಕೆ

ಆರ್‌ವಿಯ ಇಂಧನ ಟ್ಯಾಂಕ್ ರೆಕ್ಕೆಯ ಮುಂಭಾಗದಲ್ಲೇ ಇರುತ್ತದೆ. ಅದರ ಹಿಂಬದಿಯನ್ನು ಬ್ಯಾಫಲ್ ಎಂಬ ತಗಡಿನಿಂದ ಮುಚ್ಚುತ್ತಾರೆ. ಸೀಲಂಟ್, ಅಂದರೆ ಸೋರದಂತೆ ಹಚ್ಚುವ ಅಂಟು, ಕಲಸಿದ ಮೇಲೆ ಗಡಿಯಾರದ ಜೊತೆ ಓಟ ಶುರುವಾಗುತ್ತದೆ, ಆಗ ಯಾರಿಗಾಗಿಯೂ ಕಾಯಲಾಗುವುದಿಲ್ಲ. ಆದ್ದರಿಂದ ಬ್ಯಾಫಲ್ ಮುಚ್ಚುವ ವಾರಾಂತ್ಯಕ್ಕಿಂತ ಹಿಂದಿನ ವಾರಾಂತ್ಯಕ್ಕೆ ತಪಾಸಣೆ ಇಟ್ಟುಕೊಳ್ಳಿ. ಇಂಧನ ಹೀರುವ ಕೊಳವೆ, ಗಾಳಿ ಕೊಳವೆ, ಇಂಧನ ಮಟ್ಟ ತೋರಿಸುವ ಸೆಂಡರ್, ಪ್ರತಿ ರಿವೆಟ್ ತಲೆಯ ಮೇಲಿನ ಸೀಲಂಟ್ – ಇಷ್ಟನ್ನೂ ಟಾರ್ಚ್ ಹಿಡಿದು ತೋರಿಸಿ.

ಮುಚ್ಚಿದ ಮೇಲೆ ಸೋರಿಕೆ ಪರೀಕ್ಷೆ. ಗಾಳಿ ತುಂಬಿ, ಕೊಳವೆಯ ಬಾಯಿಗೆ ಬಲೂನ್ ಕಟ್ಟಿ, ರಿವೆಟ್ ಸಾಲಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡುವುದು ರೂಢಿ. ಇಲ್ಲಿ ಎಚ್ಚರಿಕೆ: ಕಂಪ್ರೆಸರ್ ಪೈಪನ್ನು ನೇರ ಟ್ಯಾಂಕಿಗೆ ಸಿಕ್ಕಿಸಬೇಡಿ. ಟ್ಯಾಂಕ್ ತಾಳುವುದು ತೀರಾ ಕಡಿಮೆ ಒತ್ತಡವನ್ನು, ಹೆಚ್ಚಾದರೆ ತಗಡು ಉಬ್ಬಿ ಹಾಳಾಗುತ್ತದೆ. ಬಲೂನ್ ಇರುವುದೇ ಹೆಚ್ಚಿನ ಒತ್ತಡ ಹೊರಹೋಗಲಿ ಎಂದು. ರಾತ್ರಿ ಗ್ಯಾರೇಜ್ ತಣ್ಣಗಾದರೆ ಬಲೂನ್ ತಾನೇ ಕುಗ್ಗುತ್ತದೆ, ಅದನ್ನು ಸೋರಿಕೆ ಎಂದು ಗಾಬರಿಯಾಗಬೇಡಿ. ಬೆಳಿಗ್ಗೆ ಬಿಸಿಯೇರಿದಾಗ ಮತ್ತೆ ನೋಡಿ.

ರೆಕ್ಕೆಯಲ್ಲಿ ಕೊನೆಗೆ ಮುಚ್ಚುವುದು ಕೆಳಬದಿಯ ತಗಡು. ಅದಕ್ಕೆ ಮೊದಲು ಒಳಗಿನ ಬೋಲ್ಟುಗಳು, ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಚಿನ ಮಡಿಕೆ) ತಿರುಗಿಸುವ ಬೆಲ್‌ಕ್ರ್ಯಾಂಕ್ ಎಂಬ ಸನ್ನೆ ಮತ್ತು ತಳ್ಳುಕೋಲು, ವೈರ್ ಹಾಯುವ ಕೊಳವೆ, ವೇಗ ಅಳೆಯುವ ಪಿಟೋ ನಳಿಕೆ ಎಲ್ಲವೂ ಕಾಣುವಂತಿರಲಿ. ಬೋಲ್ಟ್ ಬಿಗಿಯುವ ಬಗ್ಗೆ ಒಂದು ಮಾತು. ಎಎನ್-3 ಅಳತೆಯ ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ಇಂಚು-ಪೌಂಡ್ ಟಾರ್ಕ್, ಅಂದರೆ ತಿರುಗಿಸಿ ಬಿಗಿಯುವ ಬಲ, ಎಎನ್-4ಕ್ಕೆ 50ರಿಂದ 70. ಸಡಿಲವಾಗದಂತೆ ಒಳಗೆ ಬಿಗಿ ಇರುವ ಲಾಕ್‌ನಟ್ ಆದರೆ, ಅದನ್ನು ತಿರುಗಿಸಲಿಕ್ಕೇ ಬೇಕಾಗುವ ಬಲವನ್ನು ಮೊದಲು ಅಳೆದು ಇದಕ್ಕೆ ಕೂಡಿಸಬೇಕು. ಅನೇಕರು ಬಿಟ್ಟುಬಿಡುವುದು ಇದನ್ನೇ. ಬಿಗಿದ ಪ್ರತಿ ನಟ್‌ಗೂ ಬಣ್ಣದ ಗೆರೆ ಎಳೆಯಿರಿ. ಗೆರೆ ಇಲ್ಲದಿದ್ದರೆ ಬಿಗಿದಿಲ್ಲ ಎಂದೇ ಲೆಕ್ಕ.

5. ರೆಕ್ಕೆ ಜೋಡಣೆ: ಎರಡನೇ ಅವಕಾಶವಿಲ್ಲದ ತೂತು

ಆರ್‌ವಿ-7, ಆರ್‌ವಿ-8ರಂಥ ಮಾದರಿಗಳಲ್ಲಿ ರೆಕ್ಕೆಯ ಹಿಂಬದಿಯ ಸ್ಪಾರನ್ನು ಒಡಲಿಗೆ ಹಿಡಿದಿಡುವ ಬೋಲ್ಟ್ ತೂತನ್ನು ಕಟ್ಟುವವರೇ ಕೊರೆಯಬೇಕು. ರೆಕ್ಕೆಯ ಕೋನ ನಿರ್ಧಾರವಾಗುವುದು ಅಲ್ಲಿ. 5/16 ಇಂಚಿನ ಬೋಲ್ಟ್, ಅಂಚಿಗೆ ಕನಿಷ್ಠ 5/8 ಇಂಚು ದೂರ ಸಿಗಬೇಕು, ಅದೂ ಒಂದರ ಮೇಲೊಂದು ಕೂರುವ ಎಲ್ಲ ಪದರಗಳಲ್ಲಿ. ಇಲ್ಲಿ ಕೊರೆದ ಮೇಲೆ ತೋರಿಸಿ ಪ್ರಯೋಜನವಿಲ್ಲ. ಎರಡೂ ರೆಕ್ಕೆ ಕೂರಿಸಿ, ಅಳತೆ ಮಾಡಿ, ಕ್ಲಾಂಪ್ ಹಾಕಿ ನಿಲ್ಲಿಸಿ. ಅಂಚಿನ ಗೆರೆಗಳನ್ನು ಪೆನ್ನಿನಲ್ಲಿ ಬರೆದಿಡಿ. ಬಂದವರು ನಿಮ್ಮ ಅಂಕಿಗಳನ್ನು ನೋಡದೆ ತಾವೇ ಹೊಸದಾಗಿ ಅಳೆಯಲಿ. ಎರಡೂ ಅಳತೆ ಹೊಂದಿದರೆ ಅವರೆದುರೇ ಕೊರೆಯಿರಿ.

6. ಎಂಜಿನ್ ಮತ್ತು ಕಾಕ್‌ಪಿಟ್

ಅಪಘಾತಗಳನ್ನು ತನಿಖೆ ಮಾಡುವ ಎನ್‌ಟಿಎಸ್‌ಬಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಬಗ್ಗೆ ಅಧ್ಯಯನ ಪ್ರಕಟಿಸಿತು. ಅಪಘಾತಗಳಲ್ಲಿ ಎದ್ದು ಕಂಡವು ಎರಡು: ಎಂಜಿನ್ ಶಕ್ತಿ ಕೈಕೊಡುವುದು, ಹಾರಾಟದಲ್ಲಿ ನಿಯಂತ್ರಣ ತಪ್ಪುವುದು. ಎಷ್ಟೋ ಅಪಘಾತಗಳು ವಿಮಾನದ ಮೊದಲ ಕೆಲವು ಹಾರಾಟಗಳಲ್ಲೇ ಆಗಿದ್ದವು. ಹಾಗಾಗಿ ಫೈರ್‌ವಾಲ್ ಎಂಬ ಬೆಂಕಿ ತಡೆಗೋಡೆಯ ಮುಂದಿನ ಕೆಲಸವನ್ನು ತಗಡಿನವರಿಗೆ ತೋರಿಸಿ ಸುಮ್ಮನಾಗಬೇಡಿ, ಎಂಜಿನ್ ಮೆಕ್ಯಾನಿಕ್ ಒಬ್ಬರನ್ನೇ ಕರೆಯಿರಿ.

ಅವರು ಇಂಧನ ಪೈಪುಗಳು ಬಿಸಿ ಎಕ್ಸಾಸ್ಟ್‌ಗೆ ಎಷ್ಟು ಹತ್ತಿರ ಹಾಯ್ದಿವೆ, ಎಲ್ಲಿ ಉಜ್ಜಿ ಸವೆಯಬಹುದು, ಥ್ರಾಟಲ್ ಕೇಬಲ್ ಕೊನೆಯವರೆಗೆ ಹೋಗುತ್ತದೆಯೇ, ನಟ್ ಕಳಚದಂತೆ ತೂರಿಸುವ ಕಾಟರ್ ಪಿನ್‌ಗಳು ಇವೆಯೇ ಎಂದು ನೋಡಲಿ. ಕೌಲಿಂಗ್ ಎಂಬ ಎಂಜಿನ್ ಹೊದಿಕೆ ಹಾಕಿದ ಮೇಲೆ ಒಳಗೆ ಏನೂ ತಾಗುತ್ತಿಲ್ಲ ಎಂಬುದನ್ನೂ ನೋಡಬೇಕು.

ಇಂಧನ ಹರಿವಿನ ಪರೀಕ್ಷೆಯನ್ನೂ ಅವರೆದುರು ಮಾಡುವುದು ಒಳ್ಳೆಯದು. ವಿಮಾನದ ಮೂಗನ್ನು ಮೇಲೇರುವಾಗಿನ ಕೋನಕ್ಕೆ ಎತ್ತಿ ನಿಲ್ಲಿಸಿ, ಪಂಪ್ ಇರುವ ವ್ಯವಸ್ಥೆಯಾದರೆ ಟೇಕಾಫ್‌ಗೆ ಬೇಕಾದ ಹರಿವಿನ 125 ಶೇಕಡಾ, ಬರಿಯ ಎತ್ತರದಿಂದ ಇಳಿದು ಬರುವ ವ್ಯವಸ್ಥೆಯಾದರೆ 150 ಶೇಕಡಾ ಬರುತ್ತದೆಯೇ ಎಂದು ಅಳೆಯಬೇಕು. ಗಂಟೆಗೆ 15 ಗ್ಯಾಲನ್ ಕುಡಿಯುವ ಎಂಜಿನ್‌ಗೆ ಪಂಪ್ ಇದ್ದರೆ ಕನಿಷ್ಠ 18.75 ಗ್ಯಾಲನ್ ಎಂದಾಯಿತು. ನೆಲ ಸಮತಟ್ಟಾಗಿರುವಾಗ ಅಳೆದು ಸರಿಯಿದೆ ಎಂದುಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು.

ಕಾಕ್‌ಪಿಟ್ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಘಟನೆಯೊಂದಿದೆ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ವಿಮಾನ ಬಿದ್ದು ಸತ್ತರು. ಅದು ಬೇರೆಯವರು ಕಟ್ಟಿದ್ದ ಲಾಂಗ್-ಈಝೀ ಎಂಬ ಫೈಬರ್‌ಗ್ಲಾಸ್ ವಿಮಾನ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಕವಾಟದ ಹಿಡಿಯನ್ನು ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು, ಅದರ ಮೇಲೆ ಗುರುತೂ ಇರಲಿಲ್ಲ. ಅದನ್ನು ತಿರುಗಿಸಲು ಹೊರಳಿದಾಗ ಗಮನ ತಪ್ಪಿ, ಕಾಲು ವಿಮಾನದ ಮೂಗನ್ನು ಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಒತ್ತಿತು ಎಂದು ಎನ್‌ಟಿಎಸ್‌ಬಿ ತೀರ್ಮಾನಿಸಿತು. ಕವಾಟವನ್ನು ಸ್ಥಳಾಂತರಿಸಿದ್ದು, ಆ ವಿಮಾನದಲ್ಲಿ ಸಾಕಷ್ಟು ತರಬೇತಿ ಪಡೆಯದಿದ್ದದ್ದು ಇವೂ ಕಾರಣಗಳ ಪಟ್ಟಿಯಲ್ಲಿದ್ದವು. ಪ್ರಮಾಣಪತ್ರ ಇದ್ದ ವಿಮಾನವದು.

ಆದ್ದರಿಂದ ಬಂದವರನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿಸಿ, ಕಣ್ಣು ಮುಂದೆಯೇ ಇಟ್ಟು ಪ್ರತಿಯೊಂದು ಕವಾಟ, ಸ್ವಿಚ್ಚು, ಲಿವರ್ ಮುಟ್ಟಲು ಹೇಳಿ. ಅವರ ಕೈ ತಡವರಿಸಿದ ಜಾಗವನ್ನೆಲ್ಲ ಬರೆದುಕೊಳ್ಳಿ. ಡ್ರಾಯಿಂಗ್ ಬಿಟ್ಟು ನೀವು ಬದಲಾಯಿಸಿದ ಪ್ರತಿಯೊಂದನ್ನೂ, ಅದು ಎಷ್ಟೇ ಚಿಕ್ಕದಿರಲಿ, ಬಾಯಿಬಿಟ್ಟು ಹೇಳಿ. ಅವರು ಕಂಡುಹಿಡಿಯಲಿ ಎಂದು ಕಾಯಬೇಡಿ.

7. ದಿನ ಗೊತ್ತುಮಾಡುವುದು, ತಯಾರಿ, ದಾಖಲೆ

ಮೂರು ನಾಲ್ಕು ವಾರ ಮೊದಲೇ ತಿಳಿಸಿ, ಹಿಂದಿನ ವಾರ ಫೋಟೊ ಕಳಿಸಿ ಖಚಿತಪಡಿಸಿಕೊಳ್ಳಿ. ಜುಲೈ ಕೊನೆಯಲ್ಲಿ ಆಶ್ಕಾಶ್‌ನ ಏರ್‌ವೆಂಚರ್ ಮೇಳಕ್ಕೆ ಇವರಲ್ಲಿ ಹಲವರು ಹೊರಟುಹೋಗುತ್ತಾರೆ, ಆ ಆಸುಪಾಸು ಬೇಡ. ಕಾಯುವ ದಿನಗಳಲ್ಲಿ ಕೆಲಸ ನಿಲ್ಲಿಸಬೇಕಿಲ್ಲ: ತೆರೆದ ಭಾಗವನ್ನು ಹಾಗೇ ಬಿಟ್ಟು ಬೇರೆ ಭಾಗಕ್ಕೆ ಹೋಗಿ. ಬರುವವರು ತಡವಾದರೆಂದು ಮುಚ್ಚಿಬಿಡುವ ಆಸೆಯನ್ನು ತಡೆದುಕೊಳ್ಳಿ.

ಆ ದಿನ ಒಳ್ಳೆಯ ಬೆಳಕು, ಪುಟ್ಟ ಕನ್ನಡಿ, ಗೇಜ್, ಡ್ರಾಯಿಂಗ್‌ಗಳು ಕೈಗೆ ಸಿಗುವಂತಿರಲಿ. ಕಿಟ್ ಕಂಪನಿ ಹೊರಡಿಸಿದ ಸರ್ವಿಸ್ ಬುಲೆಟಿನ್ ಎಂಬ ದೋಷ-ಸೂಚನಾ ಪತ್ರಗಳನ್ನೂ ಹೊಸದಾಗಿ ನೋಡಿಟ್ಟಿರಿ. 2023ರಲ್ಲಿ ವ್ಯಾನ್ಸ್‌ನ ಲೇಸರ್‌ನಿಂದ ಕತ್ತರಿಸಿದ ಕೆಲವು ಭಾಗಗಳ ತೂತುಗಳಲ್ಲಿ ಬಿರುಕು ಕಾಣಿಸಿಕೊಂಡಾಗ, ತಮ್ಮ ಕಿಟ್‌ನಲ್ಲಿ ಯಾವ ಭಾಗ ಯಾವಾಗ ತಯಾರಾದದ್ದು ಎಂದು ಕಟ್ಟುವವರು ಹುಡುಕಬೇಕಾಯಿತು. ಪ್ಯಾಕಿಂಗ್ ಪಟ್ಟಿಗಳನ್ನು ಎಸೆಯಬೇಡಿ.

ನಮ್ಮವರಿಗೆ ಇನ್ನೊಂದು ಮಾತು ಹೇಳಲೇಬೇಕು. ಬರುವ ಕೌನ್ಸೆಲರ್ ಸಾಮಾನ್ಯವಾಗಿ ವಯಸ್ಸಾದವರು, ಅನುಭವಿಗಳು. ಹಿರಿಯರನ್ನು ಮರುಪ್ರಶ್ನೆ ಕೇಳಲು ನಾವು ಹಿಂಜರಿಯುತ್ತೇವೆ. ಇಲ್ಲಿ ಹಾಗೆ ಮಾಡಬೇಡಿ. "ಯಾಕೆ ಸರ್? ಇದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿ. ತಗಡು, ಬೋಲ್ಟು, ವೈರಿಂಗ್‌ಗೆಲ್ಲ ಒಪ್ಪಿತ ವಿಧಾನಗಳನ್ನು ಹೇಳುವ ಎಫ್‌ಎಎಯ ಎಸಿ 43.13-1ಬಿ ಪುಸ್ತಕ ಮೇಜಿನ ಮೇಲಿರಲಿ, ಇಬ್ಬರೂ ಸೇರಿ ತೆಗೆದು ನೋಡಿ. ಅವರ ಸಲಹೆ ಕಿಟ್ ಕಂಪನಿಯ ಡ್ರಾಯಿಂಗ್‌ಗೆ ವಿರುದ್ಧವಾಗಿ ಕಂಡರೆ ಕಂಪನಿಗೆ ಬರೆದು ಕೇಳುವವರೆಗೆ ಕೈ ಹಚ್ಚಬೇಡಿ.

ಅವರು ಹೊರಡುವ ಮೊದಲೇ ದಾಖಲೆ ಬರೆದುಬಿಡಿ: ದಿನಾಂಕ, ಯಾರು ನೋಡಿದರು, ಏನು ತೆರೆದಿತ್ತು, ಏನು ಹೇಳಿದರು. ಸರಿಪಡಿಸಿದ ಮೇಲೆ ಅದರ ಕೆಳಗೇ ಹೇಗೆ ಸರಿಪಡಿಸಿದಿರಿ ಎಂದು ಫೋಟೊ ಸಹಿತ ಸೇರಿಸಿ. ಫೋಟೊಗಳಲ್ಲಿ ನೀವೂ ಕಾಣಿಸಿಕೊಳ್ಳಿ. ಹೆಚ್ಚಿನ ಪಾಲನ್ನು ನೀವೇ ಕಟ್ಟಿದ್ದೀರಿ ಎಂಬುದಕ್ಕೆ ಮುಂದೆ ಇದೇ ಸಾಕ್ಷಿ. ವಿಮೆ ಕಂಪನಿಗಳೂ ಈ ಭೇಟಿಗಳ ದಾಖಲೆ ಕೇಳಬಹುದು, ರಿಯಾಯಿತಿ ಉಂಟೇ ಎಂದು ಏಜೆಂಟರನ್ನು ವಿಚಾರಿಸಿ.

ಫೈಬರ್‌ಗ್ಲಾಸ್, ಮರ, ಬಟ್ಟೆಯ ವಿಮಾನವಾದರೆ

ಲಾಂಗ್-ಈಝೀಯಂಥ ವಿಮಾನದಲ್ಲಿ ಫೋಮ್ ಮೇಲೆ ಗಾಜಿನ ಬಟ್ಟೆಯನ್ನು ರಾಳದಲ್ಲಿ ನೆನೆಸಿ ಹಾಸುತ್ತಾರೆ. ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್ 1980ರ ದಶಕದಲ್ಲಿ ಪ್ರಯೋಗಕ್ಕೆಂದು ಕಟ್ಟಿದ ಎಲ್‌ಸಿಆರ್‌ಎ ಎಂಬ ವಿಮಾನ ಕೂಡ ಇದೇ ವಿನ್ಯಾಸವನ್ನು ಆಧರಿಸಿತ್ತು. ಗಟ್ಟಿಯಾದ ಗಾಜಿನ ಪದರ ಬೆಳಕು ಹಾಯುವಷ್ಟು ತಿಳಿಯಾಗಿರುವುದರಿಂದ ಒಳಗಿನ ಗಾಳಿಗುಳ್ಳೆ, ರಾಳ ತಾಗದ ಬಿಳಿ ಕಲೆ ಕಣ್ಣಿಗೆ ಕಾಣುತ್ತವೆ. ಫಿಲ್ಲರ್, ಬಣ್ಣ ಬಿದ್ದ ಮೇಲೆ ಕಾಣುವುದಿಲ್ಲ, ಹಾಗಾಗಿ ಇಲ್ಲಿ ತಪಾಸಣೆಯ ಗಡಿ ಬಣ್ಣ.

ಮರವಾದರೆ, ಪ್ರತಿ ಸಲ ಅಂಟು ಕಲಸಿದಾಗ ಒಂದು ಮಾದರಿ ತುಂಡನ್ನೂ ಅಂಟಿಸಿಡಿ. ಒಣಗಿದ ಮೇಲೆ ಮುರಿದಾಗ ಮರ ಸೀಳಬೇಕು, ಅಂಟಿನ ಗೆರೆ ಬಿಡಬಾರದು. ದಿನಾಂಕ ಬರೆದ ಆ ತುಂಡುಗಳನ್ನು ಬಂದವರಿಗೆ ತೋರಿಸಿ. ಬಟ್ಟೆ ಹೊದಿಸುವ ವಿಮಾನದಲ್ಲಿ ಬಟ್ಟೆಗೆ ಕೈ ಹಾಕುವ ಮೊದಲು ಇಡೀ ಅಸ್ಥಿಪಂಜರ ತೋರಿಸಿ.

8. ಕೊನೆಯ ಸ್ವಯಂಪ್ರೇರಿತ ನೋಟ, ಆಮೇಲೆ ಡಿಎಆರ್

ಡಿಎಆರ್ ಬರುವುದಕ್ಕೆ ಒಂದೆರಡು ವಾರ ಮುಂಚೆ, ಈವರೆಗೆ ವಿಮಾನ ನೋಡಿರದ ಒಬ್ಬರನ್ನು ಕರೆಯಿರಿ. ಕೌಲಿಂಗ್, ಸೀಟು, ನೆಲದ ಹಲಗೆ, ತೆಗೆಯಬಹುದಾದ ಎಲ್ಲ ಮುಚ್ಚಳಗಳೂ ತೆಗೆದಿರಲಿ. ಡಿಎಆರ್ ಕೂಡ ಹಾಗೇ ನೋಡಬಯಸುತ್ತಾರೆ. ನಿಯಂತ್ರಣ ಕೋಲನ್ನು ಎಡಕ್ಕೆ ಒತ್ತಿದಾಗ ಎಡ ಏಲರಾನ್ ಮೇಲೇಳುತ್ತದೆಯೇ ಎಂಬ ಸಣ್ಣ ಸಂಗತಿಯನ್ನೂ ಇನ್ನೊಬ್ಬರು ಹೊರಗೆ ನಿಂತು ಜೋರಾಗಿ ಹೇಳಲಿ.

ಕಾಗದಪತ್ರ ಇದಕ್ಕೆ ತಿಂಗಳುಗಳ ಮೊದಲೇ ಶುರುವಾಗಬೇಕು, ಏಕೆಂದರೆ ನೋಂದಣಿ ಕೈಗೆ ಬಾರದೆ ಡಿಎಆರ್ ದಿನ ಗೊತ್ತುಮಾಡಿ ಪ್ರಯೋಜನವಿಲ್ಲ. ನೋಂದಣಿಗೆ ನೀವೇ ಕಟ್ಟಿದ್ದೆಂಬ 8050-88 ಅಫಿಡವಿಟ್, ಪ್ರಮಾಣಪತ್ರಕ್ಕೆ 8130-6 ಅರ್ಜಿ, ತೂಕ ಮತ್ತು ಸಮತೋಲನದ ಲೆಕ್ಕ, ಬೆಂಕಿ ತಾಳುವ ಹೆಸರುಫಲಕ, 'ಎಕ್ಸ್‌ಪೆರಿಮೆಂಟಲ್' ಎಂಬ ಬರಹ ಎಲ್ಲವೂ ಸಿದ್ಧವಿರಲಿ. ವಿಮಾನ ಸುರಕ್ಷಿತ ಸ್ಥಿತಿಯಲ್ಲಿದೆ ಎಂದು ನೀವೇ ತಪಾಸಣೆ ಮಾಡಿ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಮಾಡಿರಬೇಕು. ಅದು ಮರೆತುಹೋಗಿ ಡಿಎಆರ್ ಎದುರು ಪರದಾಡುವವರಿದ್ದಾರೆ.

ಪ್ರಮಾಣಪತ್ರದ ಜೊತೆ ಪರೀಕ್ಷಾ ಹಾರಾಟದ ಷರತ್ತು ಬರುತ್ತದೆ. ಎಂಜಿನ್ ಮತ್ತು ಪ್ರೊಪೆಲ್ಲರ್ ಮೊದಲೇ ಪ್ರಮಾಣಿತವಾದ ಜೋಡಿಯಾಗಿದ್ದರೆ ಸಾಮಾನ್ಯವಾಗಿ 25 ಗಂಟೆ, ಅಲ್ಲದಿದ್ದರೆ 40. ಮೊದಲ ಹಾರಾಟಕ್ಕೆ ಮುಂಚೆ ಇಎಎಯ ಫ್ಲೈಟ್ ಅಡ್ವೈಸರ್ ಒಬ್ಬರ ಜೊತೆ ಕೂತು ಮಾತಾಡಿ. ಇವರು ನೋಡುವುದು ವಿಮಾನವನ್ನಲ್ಲ, ನಿಮ್ಮ ಹಾರಾಟದ ಸಿದ್ಧತೆಯನ್ನು.

ಅದಾದ ಮೇಲೆ ವಿಮಾನಕ್ಕೆ 12 ತಿಂಗಳಿಗೊಮ್ಮೆ ಕಂಡೀಷನ್ ಇನ್‌ಸ್ಪೆಕ್ಷನ್ ಕಡ್ಡಾಯ. ಅದನ್ನು ಎ ಆಂಡ್ ಪಿ ಮೆಕ್ಯಾನಿಕ್ ಮಾಡಬಹುದು. ಮುಖ್ಯ ನಿರ್ಮಾತೃವಾಗಿ ನೀವು ಆ ವಿಮಾನಕ್ಕೆ ರಿಪೇರ್‌ಮನ್ ಪ್ರಮಾಣಪತ್ರ ಪಡೆದಿದ್ದರೆ ನೀವೇ ಮಾಡಿ ಸಹಿ ಹಾಕಬಹುದು. ಅರ್ಜಿ ಹಾಕುವಾಗ ವಿಮಾನದ ಬಗ್ಗೆ ನಿಮಗೆಷ್ಟು ಗೊತ್ತು ಎಂದು ಎಫ್‌ಎಎ ಕೇಳುತ್ತದೆ. ಭೇಟಿಗಳ ಟಿಪ್ಪಣಿ ಮತ್ತು ಫೋಟೊಗಳಿರುವ ನಿರ್ಮಾಣ ದಾಖಲೆಯನ್ನು ಆ ದಿನ ಜೊತೆಗೆ ಒಯ್ಯಿರಿ.